ದಿನಾ ಬೆಳಿಗ್ಗೆ ಅದೇ ಕೌಬಾಯ್: ಜೇ ಚೌ ಆಲ್ಬಂ ಜೊತೆ ಆರು ವರ್ಷ

ಈ ಕಾಲದಲ್ಲಿ ಸಿ.ಡಿ. ಯಾರು ಹಾಕ್ತಾರೆ ಅಂತ ಕೇಳಬೇಡಿ. ನಾನು ಹಾಕುತ್ತೇನೆ. ನನ್ನ ಕಾರಿಗೆ ಬೇರೇನೂ ಗೊತ್ತಿಲ್ಲ.

ತೈವಾನಿನ ಶಿಂಚು ಸೈನ್ಸ್ ಪಾರ್ಕ್‌ನಲ್ಲಿ ನನ್ನ ಕೆಲಸ. ಮನೆ ಹೊಳೆಯ ಆಚೆ, ಜುಬೇಯಲ್ಲಿ. ಬಂದ ಹೊಸದರಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಕಾರು ತಗೊಂಡೆ. ಇಂಜಿನ್ ಗಟ್ಟಿ, ಎ.ಸಿ. ಸರಿ, ಆದರೆ ಸಿ.ಡಿ. ಪ್ಲೇಯರ್‌ಗೆ ಎರಡು ಕಾಯಿಲೆ. ಗಾಡಿ ಆಫ್ ಮಾಡಿದರೆ ಎಲ್ಲಿಗೆ ನಿಲ್ಲಿಸಿದ್ದೆ ಅನ್ನೋದು ಅದಕ್ಕೆ ಮರೆತುಹೋಗುತ್ತದೆ. ಮತ್ತೆ ಮೊದಲ ಹಾಡಿನಿಂದಲೇ ಶುರು. ಎರಡನೆಯದು, ಮುಂದಿನ ಹಾಡಿನ ಬಟನ್. ಒತ್ತಿದರೆ ಒಳಗೆ ಹೋಗಿ ಹೊರಗೆ ಬರುತ್ತದೆ, ಅಷ್ಟೇ. ಹೊಸ ಸ್ಟೀರಿಯೋ ಹಾಕಿಸೋಣ ಅಂತ ವಿಚಾರಿಸಿದೆ. ಹೇಳಿದ ರೇಟ್ ಕೇಳಿ ಸುಮ್ನೆ ವಾಪಸ್ ಬಂದೆ.

ಹಳೇ ಸಿ.ಡಿ. ಮಾರುವ ಅಂಗಡಿಯಲ್ಲಿ ನೂರು ತೈವಾನ್ ಡಾಲರ್ ಕೊಟ್ಟು ತೈವಾನಿನ ಗಾಯಕ ಜೇ ಚೌನ ಈ ಆಲ್ಬಂ ತಂದೆ. ಹೆಸರು 'ವೋ ಹೆನ್ ಮಾಂಗ್', ಅಂದರೆ 'ನಾನು ತುಂಬಾ ಬ್ಯುಸಿ'. ಕೊಂಡಿದ್ದು ಚೀನೀ ಭಾಷೆ ಕಲಿಯೋಣ ಅಂತ. ಚೀನೀ ಭಾಷೆಯ ಪಾಪ್ ಅಂದರೆ ಜೇ ಚೌ ಅಂತ ಆಫೀಸಿನಲ್ಲಿ ಎಲ್ಲರೂ ಹೇಳಿದ್ದರು.

ಕಲಿಯುವ ಆಸೆ ಒಂದೇ ವಾರಕ್ಕೆ ಬಿತ್ತು. ಈ ಪುಣ್ಯಾತ್ಮ ಬಾಯಲ್ಲಿ ಎಲೆ ಅಡಿಕೆ ಇಟ್ಟುಕೊಂಡ ಹಾಗೆ ಹಾಡುತ್ತಾನೆ. ನಾನು ಸಾಗರದ ಕಡೆಯವನು, ಅಡಿಕೆ ಬಾಯಿಯ ಮಾತು ನನಗೆ ಹೊಸದಲ್ಲ. (ತೈವಾನಿನಲ್ಲೂ ರಸ್ತೆ ಬದಿಯಲ್ಲಿ ಅಡಿಕೆ ಅಂಗಡಿಗಳಿವೆ. ಅಡಿಕೆ ಸೀಳಿ, ಸುಣ್ಣ ಇಟ್ಟು, ಎಲೆ ಸುತ್ತಿ ಕೊಡುತ್ತಾರೆ. ಮೊದಲ ಸಲ ನೋಡಿದಾಗ ಕಣ್ಣು ತುಂಬಿ ಬಂತು.) ಆದರೂ ಇವನ ಮಾತು ಹಿಡಿಯುವುದು ಕಷ್ಟ. ಅದರ ಮೇಲೆ ಹಾಡಿನಲ್ಲಿ ರಾಗ ಬಂದು ಮಾತಿನ ಏರಿಳಿತವನ್ನೇ ನುಂಗಿಬಿಡುತ್ತದೆ. ಚೀನೀ ಭಾಷೆಯಲ್ಲಿ 'ಮಾಯ್' ಅನ್ನೋದನ್ನ ತಗ್ಗಿಸಿ ಹೇಳಿದರೆ ಕೊಳ್ಳುವುದು, ಮೇಲಿಂದ ಜೋರಾಗಿ ಬಿಟ್ಟರೆ ಮಾರುವುದು. ಹಾಡಿನಲ್ಲಿ ಎರಡೂ ಒಂದೇ. ಇಲ್ಲಿಯವರನ್ನೇ ಕೇಳಿದೆ. "ನಾವೂ ಸಾಹಿತ್ಯ ನೋಡಿಕೊಂಡೇ ಕೇಳೋದು" ಅಂದರು!

ಈಗ ನನ್ನ ದೊಡ್ಡ ತಕರಾರಿಗೆ ಬರುತ್ತೇನೆ.

ಜೇ ಚೌನನ್ನು ಮೊದಲು ಹಿಡಿದು ತಂದವನು ಟಿ.ವಿ. ನಿರೂಪಕ ಜಾಕಿ ವು. ಅವನ ಆಲ್ಫಾ ಮ್ಯೂಸಿಕ್ ಕಂಪನಿಯಿಂದ 2000ದಲ್ಲಿ ಮೊದಲ ಆಲ್ಬಂ ಬಂತು. ಆಮೇಲೆ ವರ್ಷಕ್ಕೊಂದರಂತೆ 2006ರವರೆಗೆ ಒಟ್ಟು ಏಳು. 2007ರಲ್ಲಿ ಅಲ್ಲಿಂದ ಹೊರಬಿದ್ದು, ತನ್ನ ಹಾಡುಗಳಿಗೆ ಸಾಹಿತ್ಯ ಬರೆಯುವ ವಿನ್ಸೆಂಟ್ ಫಾಂಗ್ ಮತ್ತು ಮ್ಯಾನೇಜರ್ ಜೆ.ಆರ್. ಯಾಂಗ್ ಜೊತೆ ಸೇರಿ ಜೆ.ವಿ.ಆರ್. ಮ್ಯೂಸಿಕ್ ಅಂತ ಸ್ವಂತ ಕಂಪನಿ ಮಾಡಿದ. ಮೂವರ ಹೆಸರಿನ ಅಕ್ಷರವೇ ಕಂಪನಿಯ ಹೆಸರು. ಅದೇ ವರ್ಷ ನವೆಂಬರ್ 2ಕ್ಕೆ ಈ ಆಲ್ಬಂ ಬಂತು. ಭಟ್ಟರು ಯಾರದೋ ಹೋಟೆಲ್ ಬಿಟ್ಟು ಸ್ವಂತ ದರ್ಶಿನಿ ಇಟ್ಟ ಹಾಗೆ. ಬೋರ್ಡ್ ಹೊಸದು, ಸಾಂಬಾರಿನ ಕೈ ಅದೇ. ಅದಕ್ಕೆ ನನ್ನ ಆಕ್ಷೇಪ ಇಲ್ಲ. ಆದರೆ ಹೊಸ ಹೋಟೆಲಿನಲ್ಲಿ ಮೊದಲ ಎಲೆಗೆ ಏನು ಬಡಿಸಬೇಕು ಹೇಳಿ? ಇವನು ಬಡಿಸಿದ್ದು ಕೌಬಾಯ್.

'ನಿಯೂಜಾಯ್ ಹೆನ್ ಮಾಂಗ್', ಅಂದರೆ 'ಕೌಬಾಯ್ ತುಂಬಾ ಬ್ಯುಸಿ'. ಟಕಟಕ ಕುದುರೆ ಓಡಿದ ಹಾಗೆ ತಾಳ, ಅಮೆರಿಕದ ಹಳ್ಳಿ ಕುಣಿತದ ಧಾಟಿ. ಮೂರು ನಿಮಿಷವೂ ಇಲ್ಲ. ಒಂದು ಸಲ ಕೇಳಿದರೆ ನಗು ಬರುತ್ತದೆ. ನಾನು ದಿನಕ್ಕೆ ಕನಿಷ್ಠ ಎರಡು ಸಲ ಕೇಳಿದ್ದೇನೆ, ಆರು ವರ್ಷ. ಪೆಟ್ರೋಲ್ ಹಾಕಿಸಿ ಕೀ ತಿರುಗಿಸಿದರೆ ಕೌಬಾಯ್. ಹಾಲು ತರಲು ನಿಲ್ಲಿಸಿ ಹೊರಟರೆ ಕೌಬಾಯ್. ಮಗಳಿಗೆ ಜ್ವರ ಬಂದು ರಾತ್ರಿ ಎರಡಕ್ಕೆ ಆಸ್ಪತ್ರೆಗೆ ಹೊರಟಾಗಲೂ ಟಕಟಕ ಟಕಟಕ.

ಮನೆಯಿಂದ ಪಾರ್ಕಿಂಗ್‌ಗೆ ಇಪ್ಪತ್ತು ನಿಮಿಷ. ಬೆಳಿಗ್ಗೆ ತಿಂಡಿ ಅಂಗಡಿಯಲ್ಲಿ ಬಿಸಿ ಸೋಯಾ ಹಾಲು ತಗೊಂಡು ಲೋಟ ಇಡುವ ಜಾಗದಲ್ಲಿ ಇಡುತ್ತೇನೆ. ಕೌಬಾಯ್ ಮುಗಿಯುವವರೆಗೆ ಅದು ಬಾಯಿ ಸುಡುತ್ತದೆ. ಎರಡನೆಯ ಹಾಡು 'ಕಾಮನಬಿಲ್ಲು' ಬರುವಾಗ ಒಂದು ಗುಟುಕು. ಸೇತುವೆಯ ಮೇಲೆ ಬರುವಷ್ಟರಲ್ಲಿ ಮೂರನೆಯ ಹಾಡು, 'ಚಿಂಗ್ ಹ್ವಾ ತ್ಸ'. ಬಿಳಿ ಪಿಂಗಾಣಿಯ ಮೇಲೆ ನೀಲಿ ಚಿತ್ರ ಅಂತ ಅರ್ಥ. ಇಲ್ಲಿ ಮಾತ್ರ ನಾನು ಸೋಲುತ್ತೇನೆ. ಶಿಂಚು ಗಾಳಿಗೆ ಹೆಸರಾದ ಊರು, ಸೇತುವೆ ಮೇಲೆ ಗಾಡಿಯೇ ಅಲ್ಲಾಡುತ್ತದೆ. ಕಿಟಕಿ ಪೂರ್ತಿ ಮುಚ್ಚಿ ಸೌಂಡ್ ಜಾಸ್ತಿ ಮಾಡುತ್ತೇನೆ. ಸಂಗೀತ ಕಲಿತವರು ಪಲ್ಲವಿಗೆ ಮೊದಲಿನ ಭಾಗ ಕೇಳಿ ನೋಡಿ. ಸ ರಿ ಗ ಪ ದ ಅಷ್ಟೇ. ಮ ಇಲ್ಲ, ನಿ ಇಲ್ಲ. ನಮ್ಮ ಮೋಹನದ ಸ್ವರಗಳೇ! ಅಮ್ಮನಿಗೆ ಫೋನಿನಲ್ಲಿ ಕೇಳಿಸಿದೆ. "ಗಮಕ ಇಲ್ಲ, ಆದ್ರೆ ಹುಡುಗನ ಶ್ರುತಿ ಚೆನ್ನಾಗಿದೆ" ಅಂದರು.

ಈ ಒಂದು ಹಾಡಿಗೆ ತೈವಾನಿನ ಸಂಗೀತ ಪ್ರಶಸ್ತಿಗಳಾದ ಗೋಲ್ಡನ್ ಮೆಲೊಡಿಯಲ್ಲಿ 2008ರಲ್ಲಿ ಮೂರು ಪ್ರಶಸ್ತಿ ಬಂತು: ವರ್ಷದ ಹಾಡು, ರಾಗ ಸಂಯೋಜನೆ, ಸಾಹಿತ್ಯ. ಪಲ್ಲವಿಯಲ್ಲಿ ಆಕಾಶದ ಬಣ್ಣ ತುಂತುರು ಮಳೆಗೆ ಕಾಯುತ್ತಿದೆ, ನಾನು ನಿನಗೆ ಕಾಯುತ್ತಿದ್ದೇನೆ ಅಂತ ಬರುತ್ತದೆ. ನಮ್ಮ ಟೀಮಿನಲ್ಲಿ ಪಿಂಗಾಣಿ ಹುಚ್ಚಿನ ಹಿರಿಯರೊಬ್ಬರಿದ್ದಾರೆ. ಅವರ ಪ್ರಕಾರ ಆ ಆಕಾಶದ ಬಣ್ಣ ನೀಲಿ ಚಿತ್ರದ ಪಿಂಗಾಣಿಯದ್ದೇ ಅಲ್ಲ. ಅದು ಚೀನಾದ ಸಾಂಗ್ ರಾಜರ ಕಾಲದ 'ರು' ಪಿಂಗಾಣಿಯ ಬಣ್ಣ. ಲೋಕದಲ್ಲಿ ಉಳಿದಿರುವ 'ರು' ನೂರು ಕೂಡ ಇಲ್ಲ, ಅದರಲ್ಲಿ 21 ತೈಪೆಯ ಅರಮನೆ ಮ್ಯೂಸಿಯಂನಲ್ಲೇ ಇವೆ. ಒಂದು ಭಾನುವಾರ ಹೋಗಿ ನೋಡಿದೆ. ಚಿತ್ರ ಗಿತ್ರ ಏನೂ ಇಲ್ಲದ, ಮಳೆ ನಿಂತ ಮೇಲಿನ ಆಕಾಶದಂಥ ಒಂದು ಬಟ್ಟಲು. ಹಿರಿಯರು ಹೇಳಿದ್ದು ಸರಿ. ಆದರೆ ಆ ಸಾಲು ತೆಗೆದರೆ ಹಾಡಿನಲ್ಲಿ ಉಳಿಯುವುದೇನು?

ನಾಲ್ಕನೆಯ ಹಾಡು ಮನೆಯಲ್ಲೇ ಕೂತಿರುವ ಹುಡುಗರ ಮೇಲೆ. ಆಗ ನಾನು ಲೇನ್ ಬದಲಿಸುತ್ತಿರುತ್ತೇನೆ, ಕಿವಿಗೆ ಬೀಳುವುದಿಲ್ಲ. ಐದನೆಯದರಲ್ಲಿ ಶಾಲೆಯ ಬೇಲಿ ಪಕ್ಕದ, ಊದಿದರೆ ಹಾರುವ ಹೂವು ಬರುತ್ತದೆ. ಅದು ಮುಗಿಯುವಾಗ ಪಾರ್ಕಿಂಗ್. ಹಾಗಾಗಿ ಆರರಿಂದ ಹತ್ತರವರೆಗಿನ ಹಾಡುಗಳು ನನಗೆ ಮಳೆಗಾಲದ ನೆಂಟರು. ಮಳೆ ಬಂದು ಪಾರ್ಕ್ ಗೇಟಿನ ಹತ್ತಿರ ಜಾಮ್ ಆದರೆ ಮಾತ್ರ ಬರುತ್ತಾರೆ. ಕೊನೆಯ ಹಾಡಿನ ಹೆಸರು 'ಅತಿ ಉದ್ದದ ಸಿನಿಮಾ'. ಒಳ್ಳೇ ಹಾಡು. ಅಲ್ಲಿಯವರೆಗೆ ಹೋದ ದಿನ ಬೆಳಗಿನ ಮೀಟಿಂಗ್‌ಗೆ ತಡ ಅಂತಲೇ ಲೆಕ್ಕ. ಏಳು, ಎಂಟನೆಯದರ ಬಗ್ಗೆ ನನ್ನನ್ನು ಕೇಳಬೇಡಿ.

ಕೌಬಾಯ್ ಮೇಲಿನ ಸಿಟ್ಟು ಇಳಿದದ್ದು ಮೂರನೆಯ ವರ್ಷ. ಚಾಂದ್ರ ಹೊಸ ವರ್ಷಕ್ಕೆ ಮುಂಚೆ ಕಂಪನಿಗಳು 'ವೇಯಾ' ಅಂತ ದೊಡ್ಡ ಊಟ ಹಾಕುತ್ತವೆ. ಪ್ರತಿ ಮೇಜಿಗೂ ಮೇಲಿನವರು ಗ್ಲಾಸು ಹಿಡಿದು ಬರುತ್ತಾರೆ. ನಾನು ಕುಡಿಯುವುದಿಲ್ಲ. ಹಿಂದಿನ ಎರಡು ವರ್ಷ ಹೊಟ್ಟೆನೋವು, ಔಷಧಿ ಅಂತ ಸುಳ್ಳು ಹೇಳಿ ಸಾಕಾಗಿತ್ತು. ಈ ಸಲ ನಮ್ಮ ಡೈರೆಕ್ಟರ್ ಬಂದು ಬಿಯರ್ ಯಾಕಿಲ್ಲ ಅಂತ ಕೇಳಿದರು. ಬಾಯಿಂದ ತಾನಾಗಿ ಚೀನೀ ಭಾಷೆ ಬಂತು: "ಬಿಯರ್ ಮೈಗೆ ಕೆಟ್ಟದ್ದು." ಒಂದು ಕ್ಷಣ ಮೇಜು ಸುಮ್ಮನಾಯಿತು. ಆಮೇಲೆ ಹತ್ತೂ ಜನ ಬಿದ್ದು ಬಿದ್ದು ನಕ್ಕರು. ಆ ಹಾಡಿನ ಕೌಬಾಯ್ ಬಾರಿಗೆ ಹೋಗಿ ಹಾಲು ಕೇಳುತ್ತಾನೆ, ಕಾರಣವೂ ಇದನ್ನೇ ಕೊಡುತ್ತಾನೆ. ಡೈರೆಕ್ಟರ್ ಹೋಗಿ ನನಗೆ ಒಂದು ಲೋಟ ಹಾಲು ತಂದುಕೊಟ್ಟರು. ಅವತ್ತಿನಿಂದ ಯಾರೂ ಒತ್ತಾಯ ಮಾಡಿಲ್ಲ.

ಮನೆಯಲ್ಲೂ ಅವನೇ. ಹಾಡಿನಲ್ಲಿ 'ಬು ಯೋಂಗ್ ಮಾಫಾನ್ ಲ' ಅಂತ ಮತ್ತೆ ಮತ್ತೆ ಬರುತ್ತದೆ. ನಮ್ಮ ಕಡೆ ಊಟಕ್ಕೆ ಕೂತಾಗ ಹೇಳುವ 'ಬೇಡ ಬೇಡ, ತೊಂದರೆ ತಗೋಬೇಡಿ' ಇದೆಯಲ್ಲ, ಅದೇ. ಮಗಳು ಶಿಶುವಿಹಾರದಿಂದ ಬರುವಾಗ ಹಿಂದಿನ ಸೀಟಿನಲ್ಲಿ ಜೊತೆಗೆ ಹಾಡುತ್ತಾಳೆ. ನಾನು ಸೇರಿಕೊಂಡರೆ, "ಅಪ್ಪಾ, ನೀನು ತಪ್ಪು ಹೇಳ್ತಿದೀಯ" ಅಂತ ತಿದ್ದುತ್ತಾಳೆ. ಅವಳಮ್ಮ ಹುರುಳಿಕಾಯಿ ಪಲ್ಯ ಬಡಿಸಲು ಬಂದರೆ ತಟ್ಟೆಗೆ ಕೈ ಅಡ್ಡ ಇಟ್ಟು, "ಬು ಯೋಂಗ್ ಮಾಫಾನ್ ಲ!"

ಚೀನೀ ಭಾಷೆ ಕಲಿಯಬೇಕು ಅಂತಿದ್ದರೆ ಇದನ್ನು ಕೊಳ್ಳಬೇಡಿ. ನೂರು ಡಾಲರಿಗೆ ಸಿಕ್ಕರೆ ಮೂರನೆಯ ಹಾಡಿಗೋಸ್ಕರ ಕೊಳ್ಳಿ. ಆದರೆ ಮುಂದಿನ ಹಾಡಿನ ಬಟನ್ ಸರಿ ಇದೆಯಾ ಅಂತ ಮೊದಲು ನೋಡಿಕೊಳ್ಳಿ.

ಹೋದ ತಿಂಗಳಿಂದ ಸಿ.ಡಿ. ಹೊರಗೇ ಬರುತ್ತಿಲ್ಲ, ಒಳಗೆ ಸಿಕ್ಕಿಕೊಂಡಿದೆ. ಆಯಿಲ್ ಬದಲಿಸಲು ಹೋದಾಗ ಮೆಕ್ಯಾನಿಕ್‌ಗೆ ತೋರಿಸಿದೆ. ಡ್ಯಾಶ್‌ಬೋರ್ಡ್ ಬಿಚ್ಚಬೇಕು, ಅರ್ಧ ದಿನದ ಕೆಲಸ, ಕೂಲಿ ಇಷ್ಟಾಗುತ್ತದೆ ಅಂದ. ನಾನು "ಬು ಯೋಂಗ್ ಮಾಫಾನ್ ಲ" ಅಂದೆ. ಅವನು ಸ್ಪ್ಯಾನರ್ ಕೆಳಗಿಟ್ಟು ಮುಂದಿನ ಸಾಲು ಹಾಡಿದ.