ಎಂಟು ಬಾಯಿಯ ಕುಂಡ, ಹತ್ತು ಸ್ಟ್ರಾಬೆರಿ ಸಸಿ

ಕಳೆದ ಅಕ್ಟೋಬರಿನಲ್ಲಿ ಲಾಲ್‌ಬಾಗ್ ಆಸುಪಾಸಿನ ನರ್ಸರಿಯೊಂದರಲ್ಲಿ 1,600 ರೂಪಾಯಿ ಕೊಟ್ಟು ಸ್ಟ್ರಾಬೆರಿ ಬೆಳೆಯುವ ಕಿಟ್ ಒಂದನ್ನು ಕೊಂಡೆ. ಬದಿಯಲ್ಲಿ ಎಂಟು ಬಾಯಿಗಳಿರುವ ಸುಟ್ಟ ಮಣ್ಣಿನ ಕುಂಡ, ವಿಂಟರ್ ಡಾನ್ ತಳಿಯವೆಂದು ಹೇಳಿದ ಹತ್ತು ಸಸಿಗಳು, ಒಂದು ಚೀಲ ಮಿಶ್ರಣ ಮತ್ತು ಒಂದು ಸೂಚನಾ ಚೀಟಿ ಅದರಲ್ಲಿದ್ದವು.

ಸಸಿಗಳ ಬಗ್ಗೆ ದೂರಿಲ್ಲ. ಬೇರು ಬಿಳುಪಾಗಿತ್ತು, ಎಲೆಯಡಿಯಲ್ಲಿ ನುಸಿಯ ಸುಳಿವಿರಲಿಲ್ಲ, ಹತ್ತರಲ್ಲಿ ಒಂಬತ್ತು ಬದುಕಿದವು. ಸತ್ತ ಒಂದಕ್ಕೆ ಕಾರಣ ಕುಂಡ. ಮೇಲಿನಿಂದ ಹೊಯ್ದ ನೀರು ತಳಕ್ಕಿಳಿಯುವ ಮೊದಲೇ ಮೇಲ್ಸಾಲಿನ ಬಾಯಿಗಳಿಂದ ಹೊರಗೆ ಹರಿದುಹೋಗುತ್ತಿದ್ದುದರಿಂದ, ಮೂರು ವಾರಗಳಲ್ಲಿ ಕೆಳಸಾಲಿನ ಮೂರು ಗಿಡಗಳು ಬಾಡಿದವು. ಎಲ್ಲವನ್ನೂ ಬಿಚ್ಚಿ, ಉದ್ದಕ್ಕೂ ತೂತು ಕೊರೆದು ತಳ ಮುಚ್ಚಿದ ಪಿವಿಸಿ ಪೈಪೊಂದನ್ನು ನಡುವೆ ನಿಲ್ಲಿಸಿ, ಅದರೊಳಗೆ ನೀರೆರೆಯತೊಡಗಿದ ಮೇಲೆ ಎರಡು ಚೇತರಿಸಿಕೊಂಡವು. ಇಷ್ಟು ಬೆಲೆ ಪಡೆಯುವವರು ಆ ಪೈಪಿನ ತುಂಡನ್ನೂ ಜೊತೆಗೆ ಕೊಡಬಹುದಿತ್ತು.

ಚೀಟಿ ಇನ್ನೂ ಅಪಾಯಕಾರಿ. ಸಸಿಯನ್ನು ಎಲೆಗಳ ಬುಡದವರೆಗೂ ಹೂಳಬೇಕೆಂದು ಅದು ಹೇಳುತ್ತದೆ. ಆದರೆ ಎಲೆಗಳೆಲ್ಲ ಚಿಗುರುವ ಆ ಬುಡದ ಗಂಟು ಮಣ್ಣಿನ ಮಟ್ಟಕ್ಕೆ ಸರಿಯಾಗಿರಬೇಕು, ಮುಚ್ಚಿಹೋದರೆ ಕೊಳೆಯುತ್ತದೆ. ಮಿಶ್ರಣದ ಕೋಕೋಪೀಟನ್ನು, ಅಂದರೆ ತೆಂಗಿನ ನಾರಿನ ಪುಡಿಯನ್ನು, ಉಪ್ಪು ಹೋಗುವಂತೆ ತೊಳೆದಂತೆಯೂ ಕಾಣಲಿಲ್ಲ. ಸ್ಟ್ರಾಬೆರಿ ಉಪ್ಪನ್ನು ಸಹಿಸದ ಗಿಡ. ಅದರ ಮೇಲೆ ನಮ್ಮ ಕೊಳವೆಬಾವಿಯ ಗಡಸು ನೀರೂ ಸೇರಿ ಎಲೆಯಂಚುಗಳು ಸುಟ್ಟಂತಾದವು. ಕಾವೇರಿ ನೀರಿಗೆ ಬದಲಾಯಿಸಿದ ಬಳಿಕ ಬಂದ ಎಲೆಗಳು ಚೆನ್ನಾಗಿದ್ದವು.

ಡಿಸೆಂಬರಿನ ಚಳಿಗೆ ಹೂ ಬಿಟ್ಟಿತು, ಆದರೆ ಮೊದಲ ಹಣ್ಣುಗಳು ಸೊಟ್ಟಗಿದ್ದವು. ಇದು ನರ್ಸರಿಯ ತಪ್ಪಲ್ಲ. ನಾವು ಬೀಜವೆನ್ನುವ, ಹಣ್ಣಿನ ಮೈಮೇಲಿನ ಆ ಚುಕ್ಕೆಗಳೇ ಸಸ್ಯಶಾಸ್ತ್ರದ ಪ್ರಕಾರ ನಿಜವಾದ ಹಣ್ಣುಗಳು. ಒಂದೊಂದಕ್ಕೂ ಪರಾಗ ತಲುಪಿದರೆ ಮಾತ್ರ ಅದರ ಸುತ್ತಲಿನ ತಿರುಳು ಉಬ್ಬುತ್ತದೆ. ನಾಲ್ಕನೆಯ ಮಹಡಿಯ ತಾರಸಿಗೆ ಜೇನ್ನೊಣಗಳು ಅಪರೂಪವಾದ್ದರಿಂದ ನಾನೇ ಬೆಳಗಿನ ಹೊತ್ತು ಮೆತ್ತನೆಯ ಬಣ್ಣದ ಕುಂಚವನ್ನು ಹೂಗಳ ಮೇಲೆ ಆಡಿಸುತ್ತಿದ್ದೆ. ಬಲೆ ಹೊದಿಸುವಷ್ಟರಲ್ಲಿ ಪಿಕಳಾರಗಳು ತಮ್ಮ ಪಾಲನ್ನು ತಿಂದಿದ್ದವು. ಮಾರ್ಚ್‌ವರೆಗೆ ನಮಗೆ ದಕ್ಕಿದ್ದು ಸುಮಾರು 700 ಗ್ರಾಂ. ಲೆಕ್ಕ ಹಾಕಿದರೆ ಮಹಾಬಲೇಶ್ವರದಿಂದ ಬರುವ ಡಬ್ಬಿಗಳೇ ಅಗ್ಗ. ಆದರೆ ಕಿತ್ತ ಮೇಲೆ ಈ ಹಣ್ಣು ಸಿಹಿಯಾಗುವುದಿಲ್ಲ, ತೊಟ್ಟಿನವರೆಗೂ ಕೆಂಪಾಗುವ ತನಕ ಗಿಡದಲ್ಲೇ ಬಿಡುವ ಅನುಕೂಲ ಮನೆಯಲ್ಲಿ ಬೆಳೆದವರಿಗಷ್ಟೇ ಇದೆ.

ಇದೇ ನರ್ಸರಿಯಲ್ಲಿ ಸಸಿಗಳನ್ನು ಮಾತ್ರ ಕೊಳ್ಳಿ ಎನ್ನುತ್ತೇನೆ. ಎಂಟು ಇಂಚು ಆಳದ ಸಾಧಾರಣ ಗ್ರೋ ಬ್ಯಾಗ್‌ನಲ್ಲಿ ಒಂದೊಂದನ್ನೇ ನೆಟ್ಟರೆ ಸಾಕು. ನನ್ನ ಎಂಟು ಬಾಯಿಯ ಕುಂಡದಲ್ಲಿ ಈಗ ದೊಡ್ಡಪತ್ರೆ ಸೊಂಪಾಗಿ ಬೆಳೆದಿದೆ; ಕೆಳಸಾಲಿಗೆ ನೀರು ತಡವಾದರೂ ಅದಕ್ಕೆ ಬೇಸರವಿಲ್ಲ.