ಕುದುರೆ ಸರಿಯಾಗಿ ಹಿಡಿದವರೂ ಮುಳುಗುವುದು ಹೇಗೆ

ಗಂಗಾವತಿ, ಸಿಂಧನೂರು ಕಡೆ ಭತ್ತ ಮಾರಿದ ದುಡ್ಡು ಕೈಗೆ ಬರುತ್ತಿದ್ದಂತೆ ಕುದುರೆ ಓಟದ ಬಾಜಿ ಹಿಡಿಯುವ ಬುಕ್ಕಿಗಳ ಫೋನೂ ಚುರುಕಾಗುತ್ತದೆ. ಓಟ ಬೆಂಗಳೂರು, ಮೈಸೂರಿನಲ್ಲಿ. ಬಾಜಿ ಇಲ್ಲಿ, ವಾಟ್ಸಾಪಿನಲ್ಲಿ. ಏನೂ ಗೊತ್ತಿಲ್ಲದವರು ಸಾವಿರ ಎರಡು ಸಾವಿರ ಕಳಕೊಂಡು ಸುಮ್ಮನಾಗುತ್ತಾರೆ. ದೊಡ್ಡ ಏಟು ಬೀಳುವುದು ಕುದುರೆ ಓದಲು ಬರುವವರಿಗೆ.

ಓದುವುದು ಅಂದರೆ ಹಿಂದಿನ ಓಟಗಳ ಸಮಯ, ದೂರ, ಟ್ರ್ಯಾಕಿನ ಹದ, ಜಾಕಿ, ಗೆದ್ದ ಮೇಲೆ ರೇಟಿಂಗ್ (ಕುದುರೆಯ ಸಾಮರ್ಥ್ಯಕ್ಕೆ ಕೊಡುವ ಅಂಕ) ಏರಿ ಈ ಸಲ ಎಷ್ಟು ಕಿಲೋ ಹೆಚ್ಚು ಹೊರಬೇಕು ಅನ್ನುವುದು. ಇಷ್ಟೆಲ್ಲ ನೋಡಿದರೆ ಗೆಲ್ಲುವ ಸಾಧ್ಯತೆಯ ಅಂದಾಜು ಸಿಗುತ್ತದೆ, ಅಷ್ಟೇ. ದುಡ್ಡು ಹಾಕಬೇಕೋ ಬೇಡವೋ ಅನ್ನುವುದು ರೇಟಿನ ಮಾತು.

ಹತ್ತಕ್ಕೆ ನಾಲ್ಕು ಸಲ ಗೆಲ್ಲುವ ಫೇವರಿಟ್ (ಗೆಲ್ಲುತ್ತದೆ ಅಂತ ಹೆಚ್ಚು ಮಂದಿ ನಂಬಿದ ಕುದುರೆ) ಇದೆ, ರೇಟು ಒಂದಕ್ಕೆ ಒಂದು, ಅಂದರೆ ಗೆದ್ದರೆ ಹಾಕಿದ ರೂಪಾಯಿಯೂ ವಾಪಸ್, ಅದರ ಮೇಲೆ ಇನ್ನೊಂದು ರೂಪಾಯಿ. ತಲಾ 100ರಂತೆ ಹತ್ತು ಸಲ ಹಾಕಿದರೆ ಹೋಗುವುದು 1,000, ಬರುವುದು 800. ಹತ್ತಕ್ಕೆ ಎರಡೇ ಸಲ ಗೆಲ್ಲುವ ಕುದುರೆಗೆ ಒಂದಕ್ಕೆ ಆರು ಸಿಕ್ಕರೆ, ಎರಡೇ ಗೆಲುವಿಗೆ 1,400 ವಾಪಸ್. ಹಾಕಿದ್ದು ವಾಪಸ್ ಬರಲು ನೂರಕ್ಕೆ ಎಷ್ಟು ಸಲ ಗೆಲ್ಲಬೇಕು ಅಂತ ತಿಳಿಯಲು ರೇಟಿಗೆ ಒಂದು ಕೂಡಿಸಿ, ಅದರಿಂದ 100ನ್ನು ಭಾಗಿಸಿ. ಒಂದಕ್ಕೆ ಮೂರಾದರೆ 25 ಬರುತ್ತದೆ. ನೂರಕ್ಕೆ 25ಕ್ಕಿಂತ ಹೆಚ್ಚು ಸಲ ಗೆಲ್ಲದು ಅನ್ನಿಸಿದರೆ ಎಷ್ಟೇ ಒಳ್ಳೆಯ ಕುದುರೆಯಾದರೂ ಮುಟ್ಟಬೇಡಿ.

ಬುಕ್ಕಿಯ ರೇಟುಗಳನ್ನೂ ಹೀಗೇ ಕೂಡಿಸಿ ನೋಡಿ. ನಾಲ್ಕು ಕುದುರೆಗೆ 1, 2, 4, 6 ಅಂತ ಕೊಟ್ಟಿದ್ದರೆ 50, 33, 20, 14: ಒಟ್ಟು 117. ನೂರರ ಮೇಲಿನ ಹದಿನೇಳು ಅವನ ಪಾಲು.

ಇನ್ನು ಸೋತಾಗ ದುಪ್ಪಟ್ಟು ಹಾಕುವ ಚಟ. 500ರಿಂದ ಶುರುಮಾಡಿದರೆ ಏಳನೇ ಬಾಜಿ 32,000, ಅಷ್ಟರಲ್ಲಿ ಹೋದದ್ದು 63,500. ಹತ್ತಕ್ಕೆ ಮೂರು ಗೆಲುವು ಹಿಡಿಯುವವರಿಗೂ ಸೀಸನ್ನಿನಲ್ಲಿ ಸತತ ಏಳು ಸೋಲು ಬಂದರೆ ಆಶ್ಚರ್ಯವಿಲ್ಲ. ಮೀಟರ್ ಬಡ್ಡಿಯವರು ಬಾಗಿಲಿಗೆ ಬರುವುದು ಇಲ್ಲಿಂದಲೇ.

ರೇಸ್‌ಕೋರ್ಸಿಗೇ ಹೋಗಿ ಆಡಿದರೂ ಹೊರೆ ಕಮ್ಮಿಯಿಲ್ಲ. 2025ರ ಸೆಪ್ಟೆಂಬರ್ 22ರಿಂದ ಬಾಜಿಯ ಮೇಲೆ ಜಿಎಸ್‌ಟಿ ಶೇ 40. ಗೆಲುವು 10,000 ದಾಟಿದರೆ ಶೇ 30 ಟಿಡಿಎಸ್ (ಕೈಗೆ ಕೊಡುವ ಮೊದಲೇ ಹಿಡಿದುಕೊಳ್ಳುವ ಆದಾಯ ತೆರಿಗೆ), ಸೋತದ್ದನ್ನು ಅದರಲ್ಲಿ ಕಳೆಯುವಂತಿಲ್ಲ. ಫೋನ್ ಬುಕ್ಕಿ ಗಾಳ ಹಾಕುವುದೇ ‘ನಮ್ಮಲ್ಲಿ ಟ್ಯಾಕ್ಸ್ ಇಲ್ಲಣ್ಣ’ ಅಂತ. ಕುದುರೆ ಓಟ ಕೌಶಲದ ಆಟ ಅಂತ 1996ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ ಅಂತಲೂ ಸೇರಿಸುತ್ತಾನೆ. ಹೇಳಿದ್ದು ನಿಜ, ಆದರೆ ಲೈಸೆನ್ಸಿಲ್ಲದ ಅವನ ದಂಧೆಗೆ ಅದು ರಕ್ಷಣೆಯಲ್ಲ. ಸಣ್ಣ ಗೆಲುವು ತಕ್ಷಣ ಕೊಡುತ್ತಾನೆ, ದೊಡ್ಡದು ಬಂದಾಗ ನಂಬರ್ ಬ್ಲಾಕ್. ಕೋರ್ಟಿಗೂ ಹೋಗಲಾಗದು, 1872ರ ಕಾಂಟ್ರ್ಯಾಕ್ಟ್ ಕಾಯ್ದೆಯ 30ನೇ ಸೆಕ್ಷನ್ ಪ್ರಕಾರ ಬಾಜಿಯ ಒಪ್ಪಂದವೇ ಅಸಿಂಧು.

‘ಪಕ್ಕಾ ಟಿಪ್’ ಮಾರುವವರ ಕಸುಬು ಇನ್ನೂ ಸಲೀಸು. ಎಂಟು ಕುದುರೆ, 800 ನಂಬರು, ಪ್ರತಿ ನೂರು ಮಂದಿಗೆ ಒಂದೊಂದು ಕುದುರೆಯ ಹೆಸರು. ಓಟ ಮುಗಿದ ಮೇಲೆ ಗೆದ್ದ ಹೆಸರು ಸಿಕ್ಕ ನೂರು ಮಂದಿಗೆ ಮಾತ್ರ ಮುಂದಿನ ಮೆಸೇಜು, ಈ ಸಲ ಫೀಸಿನ ಕ್ಯೂಆರ್ ಕೋಡಿನ ಜೊತೆ.