ಸಸ್ಪೆಂಡ್ ಆದ ಮೇಲೆ ಇನ್ನೂ ಒಳ್ಳೆ ಕಾಲೇಜಿಗೆ: ಮೂರು ದಾರಿಗಳ ಹೋಲಿಕೆ

ಅಮೆರಿಕದಲ್ಲಿ ಡಿಗ್ರಿ ಓದುವಾಗ ನಡುವೆ ಕಾಲೇಜು ಬದಲಿಸುವುದು ದೊಡ್ಡ ಸುದ್ದಿಯಲ್ಲ. ಆದರೆ ಶಿಸ್ತುಕ್ರಮದ ಫೈಲು ಬೆನ್ನ ಹಿಂದೆ ಇಟ್ಟುಕೊಂಡು, ಅದೂ ಈಗಿನದಕ್ಕಿಂತ ಸೀಟು ಸಿಗುವುದು ಕಷ್ಟವಾದ ಕಾಲೇಜಿಗೆ ಹೋಗ್ತೀನಿ ಅಂದರೆ "ಆಗಲ್ಲ ಬಿಡು" ಅನ್ನುವವರೇ ಜಾಸ್ತಿ. ನಾನು ಮೂರು ದಾರಿ ಹಿಡಿದು ನೋಡಿದೆ. ಸಸ್ಪೆಂಡ್ ಆಗಿ ಮನೆಯಲ್ಲಿ ಕೂತಿರುವಾಗಲೇ ಅರ್ಜಿ ಹಾಕುವುದು ಒಂದು. ಅದೇ ಕಾಲೇಜಿಗೆ ವಾಪಸ್ ಹೋಗಿ, ಒಂದಷ್ಟು ಓದಿ, ಆಮೇಲೆ ಅರ್ಜಿ ಹಾಕುವುದು ಇನ್ನೊಂದು. ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜಿಗೆ (ಡಿಗ್ರಿಯ ಮೊದಲ ಎರಡು ವರ್ಷದ ಓದು ಸಿಗುವ ಸರ್ಕಾರಿ ಕಾಲೇಜು) ಸೇರಿ ಅಲ್ಲಿಂದ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾಗೆ, ಅಂದರೆ ಯುಸಿಗೆ, ಹೋಗುವುದು ಮೂರನೆಯದು. ನನಗೆ ಬೇಕಾದಂಥ ಸೀಟು ಸಿಕ್ಕಿದ್ದು ಮೂರನೆಯದರಲ್ಲಿ. ಹಾಗಂತ ಎರಡನೆಯದು ದಂಡ ಅಲ್ಲ. ಯಾಕೆ ಅಂತ ಹೇಳುತ್ತೇನೆ.

ನನ್ನ ಕಥೆ ಚಿಕ್ಕದು. ಮೊದಲ ವರ್ಷ ಸ್ಟಾಟಿಸ್ಟಿಕ್ಸ್ ಕೋರ್ಸಿನಲ್ಲಿ ಮನೆಗೆ ಕೊಟ್ಟ ಪರೀಕ್ಷೆ. ಒಬ್ಬೊಬ್ಬರೇ ಬರೆಯಬೇಕಿತ್ತು, ಇಬ್ಬರು ಕೂತು ಬರೆದೆವು. ಆ ಕೋರ್ಸಿಗೆ ಎಫ್ (ಫೇಲ್) ಗ್ರೇಡ್, ಮುಂದಿನ ಸೆಮಿಸ್ಟರ್ ಸಸ್ಪೆಂಡ್.

ದಾರಿ ಯಾವುದೇ ಇರಲಿ, ಮೊದಲು ತಿಳಿಯಬೇಕಾದದ್ದು ಒಂದಿದೆ. ನಿಮ್ಮ ಬಗ್ಗೆ ನೀವಲ್ಲದೆ ಬೇರೆ ಯಾರು, ಯಾವ ಕಾಗದದಲ್ಲಿ, ಏನು ಬರೆಯುತ್ತಾರೆ? ಎಲ್ಲರೂ ಟ್ರಾನ್ಸ್‌ಕ್ರಿಪ್ಟ್, ಅಂದರೆ ಕೋರ್ಸು-ಗ್ರೇಡುಗಳ ಅಧಿಕೃತ ಪಟ್ಟಿಯ ಬಗ್ಗೆ ತಲೆ ಕೆಡಿಸಿಕೊಳ್ಳುತ್ತಾರೆ. ಅದರ ಮೇಲೆ ಶಿಸ್ತುಕ್ರಮದ ಸಾಲು ಬರುತ್ತದೋ ಇಲ್ಲವೋ ಅನ್ನುವುದು ಕಾಲೇಜಿನಿಂದ ಕಾಲೇಜಿಗೆ, ರಾಜ್ಯದಿಂದ ರಾಜ್ಯಕ್ಕೆ ಬೇರೆ. ನ್ಯೂಯಾರ್ಕ್‌ನಲ್ಲಿ 2015ರ ಕಾನೂನಿನ ಪ್ರಕಾರ ಹಿಂಸೆಯ ಪ್ರಕರಣಗಳನ್ನು ಟ್ರಾನ್ಸ್‌ಕ್ರಿಪ್ಟ್ ಮೇಲೆ ಬರೆಯಲೇಬೇಕು. ಸಸ್ಪೆನ್ಷನ್ ಮುಗಿದು ಒಂದು ವರ್ಷವಾದ ಮೇಲೆ ತೆಗೆಯಿರಿ ಅಂತ ಕೇಳಬಹುದು, ಆದರೆ ಪೂರ್ತಿ ಹೊರಹಾಕಿದ್ದರೆ ಆ ಸಾಲು ಹೋಗುವುದಿಲ್ಲ. ಪರೀಕ್ಷೆಯ ನಕಲಿನಂಥ ವಿಷಯ ಹೆಚ್ಚಾಗಿ ಕಾಲೇಜಿನ ಇಷ್ಟಕ್ಕೆ ಬಿಟ್ಟದ್ದು. ನನ್ನ ಟ್ರಾನ್ಸ್‌ಕ್ರಿಪ್ಟ್ ಮೇಲೆ ಎಫ್ ಇತ್ತು, ಒಂದು ಸೆಮಿಸ್ಟರ್ ಖಾಲಿ ಇತ್ತು, ಅಷ್ಟೇ.

ನಿಜವಾದ ಕಾಗದ ಬೇರೆ. ಹಲವು ಕಾಲೇಜುಗಳಿಗೆ ಒಂದೇ ಕಡೆಯಿಂದ ಅರ್ಜಿ ಹಾಕುವ ಕಾಮನ್ ಆ್ಯಪ್ ಮೂಲಕ ಟ್ರಾನ್ಸ್‌ಫರ್ ಅರ್ಜಿ ಹಾಕಿದರೆ ತುಂಬಾ ಕಾಲೇಜುಗಳು "ಕಾಲೇಜ್ ರಿಪೋರ್ಟ್" ಅನ್ನುವ ಫಾರ್ಮು ಕೇಳುತ್ತವೆ. ಅದನ್ನು ತುಂಬುವುದು ನಾವಲ್ಲ, ಈಗಿನ ಕಾಲೇಜಿನ ಅಧಿಕಾರಿ. ಕಾಮನ್ ಆ್ಯಪ್‌ನವರು 2021-22ರಿಂದ ಶಿಸ್ತಿನ ಪ್ರಶ್ನೆಯನ್ನು ಎಲ್ಲರಿಗೂ ಇರುವ ಭಾಗದಿಂದ ತೆಗೆದರು ನಿಜ. ಅದನ್ನು ಓದಿ "ಅಬ್ಬಾ, ಇನ್ನು ಯಾರೂ ಕೇಳಲ್ಲ" ಅಂದುಕೊಳ್ಳಬೇಡಿ. ಒಂದೊಂದು ಕಾಲೇಜೂ ತನ್ನ ಪ್ರಶ್ನೆಗಳಲ್ಲಿ ಅದನ್ನು ಕೇಳಬಹುದು, ಕೇಳುತ್ತವೆ ಕೂಡ.

ಮೊದಲ ದಾರಿಗೆ ಬರೋಣ. ಸಸ್ಪೆಂಡ್ ಆದ ಸೆಮಿಸ್ಟರ್‌ನಲ್ಲೇ ಅರ್ಜಿ ಹಾಕುವುದಕ್ಕೆ ಒಂದೇ ಆಕರ್ಷಣೆ: ಸಮಯ ಉಳಿಯುತ್ತದೆ, ಹಳೆ ಮುಖಗಳನ್ನು ಮತ್ತೆ ನೋಡಬೇಕಿಲ್ಲ. ಪೈಪೋಟಿ ಜಾಸ್ತಿ ಇರುವ ಖಾಸಗಿ ಕಾಲೇಜುಗಳ ಟ್ರಾನ್ಸ್‌ಫರ್ ಗಡುವು ಸಾಮಾನ್ಯವಾಗಿ ಮಾರ್ಚ್‌ನಲ್ಲಿ. ಮನೆಯಲ್ಲಿ ಕೂತವನಿಗೆ ಪ್ರಬಂಧ ಬರೆಯಲು ಬೇಕಾದಷ್ಟು ಹೊತ್ತು. ಬರೆದೆ. ಎಲ್ಲ ಕಡೆಯಿಂದ "ಇಲ್ಲ" ಬಂತು.

ಕಾರಣ ಪ್ರಬಂಧವಲ್ಲ ಅಂತ ನನ್ನ ಅಂದಾಜು. ಕಾಲೇಜ್ ರಿಪೋರ್ಟ್‌ನಲ್ಲಿ "ಈ ವಿದ್ಯಾರ್ಥಿ ವಾಪಸ್ ಬರಲು ಅರ್ಹನೇ?" ಅಂತ ಪ್ರಶ್ನೆ ಇರುತ್ತದೆ. ಸಸ್ಪೆನ್ಷನ್ ನಡೆಯುತ್ತಿರುವಾಗ ಅದಕ್ಕೆ ಉತ್ತರ "ಈಗ ಇಲ್ಲ". ಇದರ ಜೊತೆಗೆ ಮಿಡ್-ಟರ್ಮ್ ರಿಪೋರ್ಟ್ ಬೇರೆ. ಈಗ ಓದುತ್ತಿರುವ ಕೋರ್ಸುಗಳಲ್ಲಿ ಹೇಗೆ ನಡೆಯುತ್ತಿದೆ ಅಂತ ಪ್ರೊಫೆಸರ್‌ಗಳು ಬರೆಯುವ ಹಾಳೆ. ಕೋರ್ಸೇ ಇಲ್ಲದವನು ಏನು ಬರೆಸುತ್ತಾನೆ? ಖಾಲಿ ಹಾಳೆ. ಟ್ರಾನ್ಸ್‌ಫರ್ ಸೀಟುಗಳೂ ಕೈಬೆರಳಲ್ಲಿ ಎಣಿಸುವಷ್ಟು. ಪ್ರಿನ್ಸ್‌ಟನ್ ಅಂತೂ 1990ರಿಂದ 2018ರವರೆಗೆ ಟ್ರಾನ್ಸ್‌ಫರ್ ಬಾಗಿಲನ್ನೇ ಮುಚ್ಚಿತ್ತು. ಹಾರ್ವರ್ಡ್ ತೆಗೆದುಕೊಳ್ಳುವುದು ವರ್ಷಕ್ಕೆ ಹನ್ನೆರಡು ಜನರ ಆಸುಪಾಸು. ಯಾವ ಕಪ್ಪುಚುಕ್ಕೆಯೂ ಇಲ್ಲದವರೇ ಸಾಲುಗಟ್ಟಿ ನಿಂತಿರುವಾಗ ಖಾಲಿ ಹಾಳೆಯನ್ನು ಯಾರು ಎತ್ತಿಕೊಳ್ಳುತ್ತಾರೆ?

ಎರಡನೆಯ ದಾರಿ, ವಾಪಸ್ ಹೋಗುವುದು. ಇದು ಮನಸ್ಸಿಗೆ ಕಷ್ಟ, ಕಾಗದದ ಮೇಲೆ ಮಾತ್ರ ಬಲ ಜಾಸ್ತಿ. ಈ ಸಲ "ವಾಪಸ್ ಬರಲು ಅರ್ಹ" ಅನ್ನುವುದಕ್ಕೆ "ಹೌದು" ಬಿತ್ತು. ಹೊಸ ಗ್ರೇಡ್ ಇತ್ತು. ವಿದ್ಯಾರ್ಥಿಗಳಿಗೆ ಅಂತಲೇ ಇಟ್ಟ ಆಫೀಸ್ ಅವರ್ಸ್‌ನಲ್ಲಿ ಹೋಗಿ ಕೂರುತ್ತಿದ್ದ ಪ್ರೊಫೆಸರ್ ಒಬ್ಬರನ್ನು ಶಿಫಾರಸು ಪತ್ರ ಕೇಳಿದೆ, ವಿಷಯವನ್ನೂ ಹೇಳಿದೆ. "ಗೊತ್ತಿದ್ದೇ ಬರೆಯುತ್ತಿದ್ದೇನೆ ಅಂತಲೂ ಬರೆಯಲಾ?" ಅಂತ ಕೇಳಿದರು. ಆ ಒಂದು ಸಾಲು ನನ್ನ ಯಾವ ಪ್ರಬಂಧಕ್ಕಿಂತಲೂ ಹೆಚ್ಚು.

ಡೀನ್ ಆಫೀಸಿನಲ್ಲಿ ನಡೆದದ್ದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಫಾರ್ಮು ತುಂಬುವ ಮೇಡಂ ಕಂಪ್ಯೂಟರ್ ಪರದೆಯನ್ನು ನನ್ನ ಕಡೆ ತಿರುಗಿಸಿದರು. ಶಿಸ್ತುಕ್ರಮ ಆಗಿದೆಯಾ ಅನ್ನುವ ಪ್ರಶ್ನೆಗೆ "ಹೌದು" ಗುರುತು. ಕೆಳಗೆ ವಿವರಣೆಗೆ ಒಂದು ಚೌಕ. "ಇಲ್ಲಿ ಏನು ಬರೆಯುತ್ತೀರಿ?" ಅಂದೆ. "ಫೈಲಿನಲ್ಲಿ ಏನಿದೆಯೋ ಅದು" ಅಂದರು. ಫೈಲಿನಲ್ಲಿ ಇದ್ದದ್ದು "ಪರೀಕ್ಷೆಯಲ್ಲಿ ಅನುಮತಿಯಿಲ್ಲದೆ ಸೇರಿ ಬರೆದದ್ದು". ನಾನು ಮೊದಲ ಸುತ್ತಿನ ಅರ್ಜಿಗಳಲ್ಲಿ ಬರೆದದ್ದು "ನಿಯಮದ ಬಗ್ಗೆ ಗೊಂದಲವಾಯಿತು" ಅಂತ. ಎರಡೂ ಒಂದೇ ಮೇಜಿನ ಮೇಲೆ ಅಕ್ಕಪಕ್ಕ ಬಿದ್ದರೆ ಓದುವವರಿಗೆ ಏನನಿಸುತ್ತದೆ, ಹೇಳಿ. ಅದಕ್ಕೇ ಫೈಲನ್ನು ಮೊದಲು ನೋಡಿ ಅನ್ನುವುದು. ವಿದ್ಯಾರ್ಥಿಗಳ ದಾಖಲೆಗಳ ಬಗ್ಗೆ ಇರುವ 1974ರ ಫೆರ್ಪಾ ಕಾನೂನು ಆ ಹಕ್ಕು ಕೊಟ್ಟಿದೆ. ಬರವಣಿಗೆಯಲ್ಲಿ ಕೇಳಿದರೆ ಕಾಲೇಜು 45 ದಿನದೊಳಗೆ ತೋರಿಸಬೇಕು. ಜೆರಾಕ್ಸ್ ಪ್ರತಿ ಕೊಡಲೇಬೇಕು ಅಂತ ಸಾಮಾನ್ಯವಾಗಿ ಇಲ್ಲ, ಹಾಗಾಗಿ ಪೆನ್ನು ಪುಸ್ತಕ ಹಿಡಿದು ಹೋಗಿ. ಅದೇ ಕಾನೂನಿನ ಪ್ರಕಾರ ನೀವು ಸೇರಲು ಹೊರಟ ಕಾಲೇಜಿಗೆ ನಿಮ್ಮ ದಾಖಲೆ ಕಳಿಸಲು ನಿಮ್ಮ ಒಪ್ಪಿಗೆ ಬೇಕಾಗಿಲ್ಲ ಅನ್ನುವುದೂ ನೆನಪಿರಲಿ.

ಅವತ್ತಿನಿಂದ ವಿವರಣೆಯನ್ನು ಪೂರ್ತಿ ಬದಲಿಸಿದೆ. ಹಳೆಯದು ಉದ್ದ ಇತ್ತು. ಒತ್ತಡ, ನಿದ್ದೆಗೇಡು, ಹೊಸ ಊರು, ಕೊನೆಗೆ "ಈ ಅನುಭವ ನನ್ನನ್ನು ಬೆಳೆಸಿತು". ಹೊಸದು ಹೆಚ್ಚುಕಡಿಮೆ ಹೀಗಿತ್ತು: "ಒಬ್ಬನೇ ಬರೆಯಬೇಕಿದ್ದ ಪರೀಕ್ಷೆಯನ್ನು ಸಹಪಾಠಿಯ ಜೊತೆ ಬರೆದೆ. ಕಾಲೇಜು ಎಫ್ ಕೊಟ್ಟು ಒಂದು ಸೆಮಿಸ್ಟರ್ ಸಸ್ಪೆಂಡ್ ಮಾಡಿತು. ಸಸ್ಪೆನ್ಷನ್ ಮುಗಿಸಿ ವಾಪಸ್ ಬಂದೆ. ಆಮೇಲೆ ಇಂತಿಂಥ ಕೋರ್ಸು ಓದಿದ್ದೇನೆ, ಗ್ರೇಡ್ ಇವು." ಅಷ್ಟೇ. ಮುಖ್ಯ ಪ್ರಬಂಧದಲ್ಲಿ ಇದರ ಸುಳಿವೂ ಇಲ್ಲ. ಅಲ್ಲಿ ನನಗೆ ಸ್ಟಾಟಿಸ್ಟಿಕ್ಸ್ ಯಾಕೆ ಇಷ್ಟ ಅಂತ ಬರೆದೆ. ಮುಖ್ಯ ಪ್ರಬಂಧವನ್ನೇ ತಪ್ಪೊಪ್ಪಿಗೆ ಮಾಡಿ ಅಂತ ಸಲಹೆ ಕೊಡುವವರಿದ್ದಾರೆ. ನನಗೆ ಅದು ಸರಿ ಅನ್ನಿಸುವುದಿಲ್ಲ. ಕೇಳಿದ ಕಡೆ ಹೇಳಿದರೆ ಸಾಕು.

ಫಲ? ಒಂದು ಕಡೆ ವೇಟ್‌ಲಿಸ್ಟ್, ಅದು ಕೊನೆಗೂ ಸರಿಯಲಿಲ್ಲ. ಇನ್ನೊಂದು ಕಡೆ ಸೀಟು ಸಿಕ್ಕಿತು, ಆದರೆ ಅದು ಇದ್ದ ಕಾಲೇಜಿನ ಮಟ್ಟದ್ದೇ. ಮೊದಲ ಸುತ್ತಿಗೂ ಇದಕ್ಕೂ ಅಜಗಜಾಂತರ. ಕಪ್ಪುಚುಕ್ಕೆ ಅದೇ ಇತ್ತು. ಬದಲಾದದ್ದು ಅದರ ನಂತರ ಬಂದ ಕಾಗದಗಳು ಮಾತ್ರ.

ಮೂರನೆಯ ದಾರಿ ಹಿಡಿದಾಗ "ಕಮ್ಯುನಿಟಿ ಕಾಲೇಜಾ?" ಅಂತ ರಾಗ ಎಳೆದವರೇ ಎಲ್ಲ. ಅಲ್ಲಿಗೆ ಸೇರಲು ಪೈಪೋಟಿ ಇಲ್ಲ. ರಾಜ್ಯದ ನಿವಾಸಿಗಳಿಗೆ ಒಂದು ಯೂನಿಟ್‌ಗೆ (ಅಂದರೆ ಕೋರ್ಸಿನ ಒಂದು ಕ್ರೆಡಿಟ್‌ಗೆ) 46 ಡಾಲರ್ ಫೀಸು. 30 ಯೂನಿಟ್‌ಗೆ 1,380 ಡಾಲರ್. ಖಾಸಗಿ ಕಾಲೇಜಿನಲ್ಲಿ ಒಂದೇ ಒಂದು ಕೋರ್ಸಿಗೆ ಇದಕ್ಕಿಂತ ಜಾಸ್ತಿ ಆಗುತ್ತಿತ್ತು.

ಯುಸಿ ಅರ್ಜಿಯ ಸ್ವರೂಪವೇ ಬೇರೆ. ಕಾಲೇಜ್ ರಿಪೋರ್ಟ್ ಇಲ್ಲ. ಅರ್ಜಿಯ ಜೊತೆ ಶಿಫಾರಸು ಪತ್ರವೂ ಇಲ್ಲ. 350 ಪದ ಮೀರದ ನಾಲ್ಕು ಉತ್ತರ, ಓದಿದ ಎಲ್ಲ ಕಾಲೇಜುಗಳ ಕೋರ್ಸು ಮತ್ತು ಗ್ರೇಡು, ಅರ್ಜಿ ಹಾಕುವ ಒಂದೊಂದು ಯುಸಿ ಕ್ಯಾಂಪಸ್‌ಗೆ 80 ಡಾಲರ್ ಫೀಸು. ಗಡುವು ನವೆಂಬರ್ ಕೊನೆಗೆ. ಅಂದರೆ ಇಲ್ಲಿ ಮಾತಾಡುವುದು ಗ್ರೇಡು ಮತ್ತು ನೀವು. ಯುಸಿಗೆ ಬರುವ ಟ್ರಾನ್ಸ್‌ಫರ್‌ಗಳಲ್ಲಿ ಹತ್ತಕ್ಕೆ ಒಂಬತ್ತು ಜನ ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜಿನವರೇ. ಆದ್ಯತೆಯೂ ಅವರಿಗೇ. ಆ ಆದ್ಯತೆ ಬೇಕಾದರೆ ಅಂಥ ಕಾಲೇಜಿನಲ್ಲಿ ಕನಿಷ್ಠ 30 ಸೆಮಿಸ್ಟರ್ ಯೂನಿಟ್ ಓದಿರಬೇಕು, ರೆಗ್ಯುಲರ್ ಸೆಮಿಸ್ಟರ್‌ನಲ್ಲಿ ಕೊನೆಗೆ ಓದಿದ್ದೂ ಅಲ್ಲೇ ಆಗಿರಬೇಕು. ಬೇರೆ ಕಡೆಯಿಂದ ಬಂದ ನನ್ನಂಥವರು ಈ ಸಾಲನ್ನು ಎರಡು ಸಲ ಓದಿಕೊಳ್ಳಿ.

ಎಫ್ ಬಂದ ಕೋರ್ಸಿಗೆ ಸಮನಾದದ್ದನ್ನು ಮತ್ತೆ ಓದಿದೆ. ಡಿ ಅಥವಾ ಎಫ್ ಬಂದದ್ದನ್ನು ಮತ್ತೆ ಓದಿದರೆ ಯುಸಿ ತನ್ನ ಲೆಕ್ಕಕ್ಕೆ ಹೊಸ ಗ್ರೇಡ್ ಹಿಡಿಯುತ್ತದೆ. ಹಳೆಯದು ಹಾಳೆಯ ಮೇಲೆ ಇದ್ದೇ ಇರುತ್ತದೆ. ಯಾವ ಕೋರ್ಸು ಯಾವುದಕ್ಕೆ ಸಮ ಅಂತ ನೋಡಲು ಅಸಿಸ್ಟ್ ಅನ್ನುವ ರಾಜ್ಯದ ವೆಬ್‌ಸೈಟಿದೆ. ಅದನ್ನು ನೋಡದೆ ಒಂದು ಕೋರ್ಸೂ ಹಾಕಿಸಿಕೊಳ್ಳಬೇಡಿ. ಟ್ಯಾಗ್ ಅಂತ ಸೀಟು ಖಾತ್ರಿ ಮಾಡುವ ಒಪ್ಪಂದವೂ ಇದೆ. ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂಟಾ ಬಾರ್ಬರಾ, ಸಾಂಟಾ ಕ್ರೂಜ್ ಆರೇ ಕ್ಯಾಂಪಸ್. ಬರ್ಕ್ಲಿ, ಯುಸಿಎಲ್ಎ, ಸ್ಯಾನ್ ಡಿಯಾಗೊ ಅದರಲ್ಲಿಲ್ಲ. ಸೆಪ್ಟೆಂಬರ್‌ನಲ್ಲಿ ಹಾಕಬೇಕು, ಒಂದೇ ಕ್ಯಾಂಪಸ್‌ಗೆ. ಆಗಷ್ಟೇ ಸೇರಿದ್ದ ನನಗೆ ಅದು ಹೊಂದಲಿಲ್ಲ. ಎರಡು ವರ್ಷ ಅಲ್ಲೇ ಓದುವವರು ಸುಮ್ನೆ ಬಿಡಬಾರದು.

ಅಲ್ಲಿ ಶಿಸ್ತುಕ್ರಮದ ಬಗ್ಗೆ ಹೇಳಿದೆನಾ? ಹೇಳಿದೆ. ಹೆಚ್ಚುವರಿ ವಿಷಯಕ್ಕೆ ಇರುವ ಚೌಕದಲ್ಲಿ ಅದೇ ನಾಲ್ಕು ಸಾಲು. ಎಫ್ ಮತ್ತು ಖಾಲಿ ಸೆಮಿಸ್ಟರ್ ಹೇಗೂ ಕಾಣುತ್ತವೆ ಅಲ್ವಾ? ಹಳೆ ಕಾಲೇಜಿನ ಹೆಸರನ್ನೇ ಬರೆಯದೆ ಹೊಸದಾಗಿ ಶುರು ಮಾಡಿದಂತೆ ತೋರಿಸೋಣ ಅಂತ ಕೆಲವರಿಗೆ ಆಸೆ ಹುಟ್ಟುತ್ತದೆ. ಓದಿದ ಕಾಲೇಜನ್ನು ಮುಚ್ಚಿಟ್ಟದ್ದು ಗೊತ್ತಾದರೆ ಸಿಕ್ಕ ಸೀಟನ್ನೇ ಯುಸಿ ರದ್ದು ಮಾಡಬಹುದು.

ಈ ದಾರಿಯ ಕೊರತೆ ಎಂದರೆ ಕಾಲೇಜು ಜೀವನ ಅನ್ನುವುದು ಇರಲಿಲ್ಲ. ಕ್ಲಾಸ್ ಮುಗಿದರೆ ಎಲ್ಲರೂ ಪಾರ್ಕಿಂಗ್ ಲಾಟಿಗೆ. ಹಳೆ ಕಾಲೇಜಿನ ಒಂದೆರಡು ಕೋರ್ಸು ಎಲ್ಲಿಗೂ ಹೊಂದಲಿಲ್ಲ.

ಈಗ ಯಾರಾದರೂ ಕೇಳಿದರೆ ನಾನು ಹೇಳುವುದು ಹೀಗೆ. ಕ್ಯಾಲಿಫೋರ್ನಿಯಾ ನಿವಾಸಿಯಾಗಿದ್ದು ಯುಸಿ ಸಾಕು ಅಂದರೆ ನೇರ ಮೂರನೆಯದು. ಖಾಸಗಿ ಕಾಲೇಜೇ ಬೇಕು ಅಂದರೆ ಎರಡನೆಯದು, ಒಂದು ಸೆಮಿಸ್ಟರ್ ಅಲ್ಲ, ಪೂರ್ತಿ ವರ್ಷ ಓದಿದ ಮೇಲೆ. ಮೊದಲನೆಯದಕ್ಕೆ ಅರ್ಜಿ ಫೀಸು ಖರ್ಚು ಮಾಡಬೇಡಿ. ಆ ಸೆಮಿಸ್ಟರ್‌ನಲ್ಲಿ ಕೆಲಸಕ್ಕೆ ಹೋಗಿ, ಫೈಲು ತರಿಸಿ ನೋಡಿ.

ಎಫ್-1 ವಿದ್ಯಾರ್ಥಿ ವೀಸಾದಲ್ಲಿ ಬಂದವರಿಗೆ ಮಾತ್ರ ಈ ಹೋಲಿಕೆ ಹಾಗೆಹಾಗೇ ಹೊಂದುವುದಿಲ್ಲ. ಸಸ್ಪೆಂಡ್ ಆದರೆ ಸಾಮಾನ್ಯವಾಗಿ ಸೆವಿಸ್ ದಾಖಲೆಯನ್ನೇ (ವಿದೇಶಿ ವಿದ್ಯಾರ್ಥಿಗಳ ಬಗ್ಗೆ ಅಮೆರಿಕ ಸರ್ಕಾರ ಇಡುವ ದಾಖಲೆ) ಮುಗಿಸಿಬಿಡುತ್ತಾರೆ, ಅಮೆರಿಕದಲ್ಲೇ ಮನೆಯಲ್ಲಿ ಕೂತು ಅರ್ಜಿ ಬರೆಯುವ ಅವಕಾಶ ಇರುವುದಿಲ್ಲ. ಕಮ್ಯುನಿಟಿ ಕಾಲೇಜಿನಲ್ಲಿ 46 ಡಾಲರ್ ದರವೂ ಇಲ್ಲ. ತೀರ್ಪು ಬರುವ ಮುಂಚೆಯೇ ಕಾಲೇಜಿನ ಇಂಟರ್‌ನ್ಯಾಷನಲ್ ಆಫೀಸಿನಲ್ಲಿ ವೀಸಾ ವಿದ್ಯಾರ್ಥಿಗಳ ಕಾಗದಪತ್ರ ನೋಡಿಕೊಳ್ಳುವ ಅಧಿಕಾರಿ, ಅಂದರೆ ಡಿಎಸ್‌ಒ ಹತ್ತಿರ ಹೋಗಿ ಮಾತಾಡಿ. ಸಾಧ್ಯವಾದರೆ ಅದೇ ವಾರ ವಲಸೆ ವಕೀಲರನ್ನೂ ಕೇಳಿ.